ನೀರಲ್ಲಿ ಮೂರು ನಿಮಿಷ, ಕಾಗದದಲ್ಲಿ ಹತ್ತು ತಿಂಗಳು

ಹೋದ ವಾರ ಬಳ್ಳಾರಿಯ ನಮ್ಮ ಈಜು ಸಂಘದ ಕಾರ್ಯದರ್ಶಿ ಅಂತ ನನ್ನ ಹೆಸರು ಸರ್ಕಾರಿ ಕಡತಕ್ಕೆ ಸೇರಿತು. ಸೀಲು ಬಿದ್ದ ಪ್ರತಿ ಕೈಗೆ ಬಂದಾಗ ಮಧ್ಯಾಹ್ನ ಮೂರೂವರೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಹೊರಗೆ ಬಂದು ಒಂದು ಪ್ಲೇಟ್ ಒಗ್ಗರಣೆ, ಎರಡು ಮಿರ್ಚಿ ತಿಂದು, ಚಾ ಕುಡಿದು, ಆಮೇಲೆ ಮನೆಗೆ ಫೋನ್ ಮಾಡಿದೆ.

ಅವತ್ತಿನಿಂದ ಇಬ್ಬರು ನನಗೆ ಫೋನ್ ಮಾಡಿದ್ದಾರೆ. ಒಬ್ಬರು ಕೊಪ್ಪಳದ ಕಬಡ್ಡಿ ಆಟಗಾರ, ಇನ್ನೊಬ್ಬರು ರಾಯಚೂರಿನ ಹಳೆಯ ಓಟಗಾರ್ತಿ. ಇಬ್ಬರದ್ದೂ ಒಂದೇ ಪ್ರಶ್ನೆ: "ಅಕ್ಕಾ, ಹೆಂಗ್ ಮಾಡಿದ್ರಿ?" ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸಂಘದ ಹೆಸರು, ಜನರ ಹೆಸರು ಬೇಡ. ಅದೇ ಊರಿನಲ್ಲಿ ನಾಳೆಯೂ ಬದುಕಬೇಕಲ್ವಾ.

ನಾನು ಈಜು ಕಲಿತಿದ್ದು ಸಿರುಗುಪ್ಪ ಹತ್ತಿರ, ಅಜ್ಜನ ಊರಿನ ಬಾವಿಯಲ್ಲಿ. ನಡುವಿಗೆ ಒಣಗಿದ ಸೋರೆಬುರುಡೆ ಕಟ್ಟಿ ಸೋದರಮಾವ ಮೇಲಿಂದ ತಳ್ಳಿಬಿಟ್ಟಿದ್ದ. ಆಮೇಲೆ ಎಲ್‌ಎಲ್‌ಸಿ, ಅಂದರೆ ತುಂಗಭದ್ರಾ ಅಣೆಕಟ್ಟಿನ ಕೆಳಮಟ್ಟದ ಕಾಲುವೆ. ಕಾಲುವೆಗೆ ನೀರು ಬಿಟ್ಟಾಗ ತರಬೇತಿ, ನಿಲ್ಲಿಸಿದಾಗ ರಜೆ. ಬಳ್ಳಾರಿಗೆ ಬಂದ ಮೇಲೆ ಸಿಮೆಂಟಿನ ಕೊಳ, ಕ್ಲೋರಿನ್ ವಾಸನೆ, ಕೋಚ್ ಸೀಟಿ. 2000ದಲ್ಲಿ ನಮ್ಮ ಬೆಂಗಳೂರಿನ ನಿಶಾ ಮಿಲೆಟ್ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈಜಿದಾಗ ಅವರ ಫೋಟೊವನ್ನು ಪೇಪರಿನಿಂದ ಕತ್ತರಿಸಿ ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದೆ. ನನ್ನದು ಬ್ರೆಸ್ಟ್‌ಸ್ಟ್ರೋಕ್. ಹುಡುಗರು ಅದಕ್ಕೆ ಕಪ್ಪೆ ಈಜು ಅಂತ ನಗುತ್ತಿದ್ದರು. 2003ರಲ್ಲಿ ಆ ಕಪ್ಪೆ ಈಜಿಗೇ ರಾಜ್ಯಮಟ್ಟದ ಚಿನ್ನ ಬಂತು. 200 ಮೀಟರ್, ಮೂರು ನಿಮಿಷಕ್ಕೆ ಒಂದೆರಡು ಸೆಕೆಂಡ್ ಕಮ್ಮಿ. ಆಮೇಲೆ ಓದು, ಮದುವೆ, ಶಾಲೆಯ ಕೆಲಸ. ಈಗ ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಕಲಿಸುತ್ತೇನೆ.

ಕಳೆದ ವರ್ಷ ಫೆಬ್ರವರಿಯಲ್ಲಿ ನಮ್ಮ ಒಬ್ಬ ಹುಡುಗನ ಹೆಸರು ಸ್ಪರ್ಧೆಗೆ ಹೋಗಲೇ ಇಲ್ಲ. ಫಾರ್ಮ್ ತುಂಬಿ ಎಂಟು ದಿನ ಮೊದಲೇ ಕೊಟ್ಟಿದ್ದೆವು. ಸಹಿ ಮಾಡಬೇಕಾದವರು ಮದುವೆಗೆ ಹೋಗಿದ್ದರು, ಕೊನೆಯ ದಿನ ದಾಟಿತು. ಹುಡುಗನ ತಾಯಿ ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗುತ್ತಾರೆ. ಅವರು ನನ್ನ ಮೇಲೆ ರೇಗಲಿಲ್ಲ. "ಮೇಡಂ, ಒಂದ್ ಬಟನ್ ತಪ್ಪು ಹಾಕಿದ್ರ ನಮ್ಮ ಕೂಲಿ ಕಟ್ ಮಾಡ್ತಾರ. ಇವ್ರಿಗೇನೂ ಇಲ್ಲೇನ್ರಿ?" ಅಂದರು. ಉತ್ತರ ಇರಲಿಲ್ಲ.

ಮಾರ್ಚ್ 20ರ ರಾತ್ರಿ ನಮ್ಮ ಮನೆಯವರು ಫೋನ್ ಹಿಡಿದುಕೊಂಡು ಅಡುಗೆಮನೆಗೆ ಬಂದರು. "ನೋಡು, ನಿಮ್ಮ ಜಾತಿಯವಳು ಗೆದ್ದಾಳ" ಅಂದರು. ಈಜುಗಾರರ ಜಾತಿ ಅಂತ ಅವರ ಅರ್ಥ. ಜಿಂಬಾಬ್ವೆಯ ಕರ್ಸ್ಟಿ ಕೊವೆಂಟ್ರಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷೆಯಾಗಿ ಆಯ್ಕೆಯಾಗಿದ್ದರು. ಆ ಕುರ್ಚಿಗೆ ಬಂದ ಮೊದಲ ಹೆಣ್ಣುಮಗಳು, ಆಫ್ರಿಕಾದಿಂದ ಮೊದಲನೆಯವರು. 2004ರ ಅಥೆನ್ಸ್‌ನಲ್ಲೂ 2008ರ ಬೀಜಿಂಗ್‌ನಲ್ಲೂ 200 ಮೀಟರ್ ಬ್ಯಾಕ್‌ಸ್ಟ್ರೋಕ್ ಚಿನ್ನ ಅವರದ್ದೇ. ಒಟ್ಟು ಏಳು ಒಲಿಂಪಿಕ್ ಪದಕ. ನನಗೆ ಅವರ ಈಜು ಚೆನ್ನಾಗಿ ನೆನಪಿತ್ತು. ಓಟಿನ ಲೆಕ್ಕ ಮಾತ್ರ ಹೊಸದು. 97 ಓಟಿನಲ್ಲಿ 49. ಗೆಲ್ಲೋದಕ್ಕೆ ಬೇಕಾಗಿದ್ದು ಸರಿಯಾಗಿ 49. ಒಂದು ಕಮ್ಮಿ ಆಗಿದ್ದರೆ ಎರಡನೇ ಸುತ್ತು.

ರಾತ್ರಿ ಮಲಗಿ ಇನ್ನಷ್ಟು ಓದಿದೆ. ಆಕೆ ನೀರಿನಿಂದ ಎದ್ದು ಸೀದಾ ಕುರ್ಚಿಗೆ ಹೋದವರಲ್ಲ. 2013ರಲ್ಲಿ ಕ್ರೀಡಾಪಟುಗಳ ಆಯೋಗದ ಮೂಲಕ ಸಮಿತಿಗೆ ಬಂದರು. ಆಮೇಲೆ ಆ ಆಯೋಗದ ಮುಖ್ಯಸ್ಥೆ. 2018ರಲ್ಲಿ ತಮ್ಮ ದೇಶದ ಕ್ರೀಡಾ ಮಂತ್ರಿ. ಅಂದರೆ ಹನ್ನೆರಡು ವರ್ಷ ಸಭೆ, ಕಡತ, ನಡಾವಳಿ. ನಮ್ಮ ಸಂಘದಲ್ಲಿ ಒಂದು ಸಭೆ ಯಾವಾಗ ನಡೆದಿತ್ತು ಅಂತ ನೆನಪಿಸಿಕೊಂಡೆ. ನೆನಪಾಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಚುನಾವಣೆಗೆ ನಿಲ್ಲುತ್ತೇನೆ ಅಂತ ಮನೆಯಲ್ಲಿ ಹೇಳಿದೆ. ಅತ್ತೆ, "ನಿಲ್ಲು, ಆದ್ರ ಸಂಜಿ ಏಳಕ್ಕ ಮನಿಯಾಗ ಇರು" ಅಂದರು.

ಚುನಾವಣೆಗೆ ನಿಲ್ಲಲು ಮೊದಲು ಬೇಕಾಗಿದ್ದು ಬೈಲಾ. ಯಾರು ನಿಲ್ಲಬಹುದು, ಯಾರಿಗೆ ಓಟು, ನೋಟಿಸ್ ಎಷ್ಟು ದಿನದ್ದು, ಎಲ್ಲಾ ಅದರಲ್ಲೇ ಇರುತ್ತದೆ. ಸಂಘದ ಹಿರಿಯರೊಬ್ಬರನ್ನು ಕೇಳಿದೆ. "ಬೈಲಾ ಯಾಕವಾ ನಿಂಗ? ನಾವಿಲ್ಲೇನು?" ಅಂದರು. ಮೂರು ಸಲ ಹೋದೆ, ಮೂರು ಸಲವೂ ಚಾ ಸಿಕ್ಕಿತು, ಬೈಲಾ ಸಿಗಲಿಲ್ಲ.

ಇಲ್ಲೊಂದು ಮಾತು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ನೋಂದಣಿಯಾದ ಯಾವ ಸಂಘದ ಬೈಲಾ ಆದರೂ ಜಿಲ್ಲಾ ನೋಂದಣಾಧಿಕಾರಿಯ ಹತ್ತಿರ ಇರುತ್ತದೆ. ಆ ಕೆಲಸ ಸಹಕಾರ ಇಲಾಖೆಯದು. ಸಂಘದವರು ಕೊಡದಿದ್ದರೆ ಅಲ್ಲಿಗೆ ಹೋಗಿ. ನಾನು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದದೊಳಗೆ ಇರಬೇಕು, ಒಂದೇ ವಿಷಯ ಇರಬೇಕು. ನನಗದು ಗೊತ್ತಿರಲಿಲ್ಲ. ಮೊದಲ ಅರ್ಜಿಯಲ್ಲಿ ಹುಡುಗನ ಕಥೆ, ಮದುವೆಯ ಕಥೆ ಎಲ್ಲಾ ಬರೆದು ಎರಡು ಪುಟ ತುಂಬಿಸಿದ್ದೆ. ವಾಪಸ್ ಬಂತು. ಸಿಟ್ಟು ಬಂದಿದ್ದು ನಿಜ. ಆದರೆ ತಪ್ಪು ನನ್ನದೇ. ಎರಡನೇ ಸಲ ನಾಲ್ಕೇ ಸಾಲು: ಬೈಲಾ, ಸದಸ್ಯರ ಪಟ್ಟಿ, ಕಳೆದ ಐದು ವರ್ಷ ಸಲ್ಲಿಸಿದ ಲೆಕ್ಕಪತ್ರ ಇರುವ ಕಡತದ ಪ್ರತಿ ಕೊಡಿ. 26ನೇ ದಿನ ಉತ್ತರ ಬಂತು. 71 ಪುಟ, ಪುಟಕ್ಕೆ ಎರಡು ರೂಪಾಯಿಯಂತೆ 142 ರೂಪಾಯಿ. ಸಿಟ್ಟು, ಜಗಳ ಏನಿದ್ದರೂ ಅರ್ಜಿಯಲ್ಲಿ ಬೇಡ. ಏನು ಬೇಕೋ ಅಷ್ಟೇ ಕೇಳಿ.

ಆ 71 ಪುಟವನ್ನು ಒಂದು ಭಾನುವಾರ ಕೂತು ಓದಿದೆ. ಬಳ್ಳಾರಿಯ ಮೇ ತಿಂಗಳು, ಫ್ಯಾನಿನ ಗಾಳಿಯೂ ಬಿಸಿ. ಸಂಘ ನಾಲ್ಕು ವರ್ಷದಿಂದ ಲೆಕ್ಕವನ್ನೇ ಕೊಟ್ಟಿರಲಿಲ್ಲ. ಕಾಯ್ದೆಯ 13ನೇ ಕಲಂ ಪ್ರಕಾರ ಪ್ರತಿ ವರ್ಷ ವಾರ್ಷಿಕ ಸಭೆಯಾದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ, ಆಡಿಟ್ ಆದ ಲೆಕ್ಕ ಸಲ್ಲಿಸಬೇಕು. ಸಭೆಯೇ ನಡೆಯದಿದ್ದರೆ ಸಲ್ಲಿಸುವುದು ಎಲ್ಲಿಂದ? ಸದಸ್ಯರ ಪಟ್ಟಿಯಲ್ಲಿ 61 ಹೆಸರು. ಅದರಲ್ಲಿ ಒಂಬತ್ತು ಜನ ತೀರಿಕೊಂಡವರು. ನನ್ನ ಕೋಚ್ ಹೆಸರೂ ಇತ್ತು. ಅವರು ಹೋಗಿ ಆರು ವರ್ಷವಾಯಿತು, ಪಟ್ಟಿಯಲ್ಲಿ ಇನ್ನೂ ಆಜೀವ ಸದಸ್ಯರು. ಸ್ವಲ್ಪ ಹೊತ್ತು ಕಾಗದ ಮುಚ್ಚಿಟ್ಟೆ.

44ನೇ ಹೆಸರು ನನ್ನದು. ಚಿನ್ನ ಬಂದ ವರ್ಷ ಅಪ್ಪ 500 ರೂಪಾಯಿ ಕಟ್ಟಿ ಆಜೀವ ಸದಸ್ಯತ್ವ ಮಾಡಿಸಿದ್ದರು. ಆದರೆ ಪಟ್ಟಿಯಲ್ಲಿ ಇದ್ದದ್ದು 'ಕುಮಾರಿ', ಮುಂದೆ ಅಪ್ಪನ ಇನಿಷಿಯಲ್. ಈಗ ಆಧಾರ್, ಪ್ಯಾನ್, ಸಂಬಳದ ಚೀಟಿ ಎಲ್ಲದರಲ್ಲೂ ಗಂಡನ ಮನೆಯ ಹೆಸರು.

ಇದೇನು ದೊಡ್ಡ ವಿಷಯ ಅಂದುಕೊಂಡಿದ್ದೆ. ನಾನು ನಿಲ್ಲುವ ಸುದ್ದಿ ಹಬ್ಬಿದ ವಾರದಲ್ಲೇ ತಕರಾರು ಬಂತು. "ಪಟ್ಟಿಯಲ್ಲಿರೋ ಕುಮಾರಿ ನೀವೇ ಅಂತ ಏನು ಗ್ಯಾರಂಟಿ? ಹಣ ಕಟ್ಟಿದ ರಸೀದಿ ತೋರಿಸ್ರಿ." ಹೇಳಿದವರು ನನ್ನನ್ನು ಹತ್ತು ವರ್ಷದ ಹುಡುಗಿಯಿಂದ ನೋಡಿದವರು. ನಾನು ನಡುಗುತ್ತಾ ನೀರಿನಿಂದ ಎದ್ದಾಗ ಟವೆಲ್ ಕೊಟ್ಟವರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಸೋಲುವುದು ನನಗೆ ಹೊಸದಲ್ಲ. ಆದರೆ ನೀನು ನೀನೇನಾ ಅಂತ ನಮ್ಮವರೇ ಕೇಳಿದರೆ ಬೇರೆ ತರಹ ನೋಯುತ್ತದೆ.

ರಸೀದಿ ಎಲ್ಲೂ ಸಿಗಲಿಲ್ಲ. ಅಪ್ಪ ಈಗ ಇಲ್ಲ. ಅಮ್ಮ ಟ್ರಂಕ್ ತೆಗೆದು ಹುಡುಕಿದರು. ನನ್ನ ಹಾಲುಹಲ್ಲು ಸಿಕ್ಕಿತು, ರಸೀದಿ ಸಿಗಲಿಲ್ಲ. ಪರಿಚಯದ ವಕೀಲರು ಹೇಳಿದರು: "ಪಟ್ಟಿಯಲ್ಲಿ ಹೆಸರು ಇದೆ ಅಂದ್ರೆ ಸದಸ್ಯತ್ವ ಇದೆ. ಎರಡು ಹೆಸರು ಒಬ್ಬರದ್ದೇ ಅಂತ ತೋರಿಸಿದ್ರ ಸಾಕು." ಅದಕ್ಕೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಮದುವೆ ನೋಂದಣಿ ಪತ್ರ, ಇ-ಸ್ಟಾಂಪ್ ಮೇಲೆ ನೋಟರಿ ಮಾಡಿಸಿದ ಅಫಿಡವಿಟ್.

ಮದುವೆ ನೋಂದಣಿ ಪತ್ರ! ನಮ್ಮ ಮದುವೆ ಆಗಿದ್ದು 2011ರಲ್ಲಿ, ದೇವಸ್ಥಾನದಲ್ಲಿ. ನೋಂದಣಿ ಯಾರು ಮಾಡಿಸಿದ್ದರು? ಹಾಗಾಗಿ ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ, ಏಳನೇ ಕ್ಲಾಸಿನ ಮಗಳನ್ನು ಕರೆದುಕೊಂಡು ಉಪನೋಂದಣಿ ಕಚೇರಿಗೆ ಹೋದೆವು. ಲಗ್ನಪತ್ರಿಕೆ, ಮದುವೆಯ ಫೋಟೊ, ಇಬ್ಬರ ದಾಖಲೆ, ಸಾಕ್ಷಿಗಳು. ಸುತ್ತ ಹೂವಿನ ಹಾರದ ಹೊಸ ಜೋಡಿಗಳು. ನಮ್ಮ ಮನೆಯವರು ಕಿವಿಯಲ್ಲಿ, "ಈಗ ಬ್ಯಾಡ ಅಂದ್ರ ಬಿಡ್ತಾರೇನು?" ಅಂದರು. ಮಗಳು ಜೋರಾಗಿ ನಕ್ಕಳು. ಹತ್ತು ತಿಂಗಳಲ್ಲಿ ನನಗೆ ನಿಜವಾಗಿ ನಗು ಬಂದ ದಿನ ಅದೊಂದೇ ಇರಬೇಕು. ಹೆಣ್ಣುಮಕ್ಕಳಿಗೆ ಒಂದು ಮಾತು: ಮದುವೆಯಾದ ಮೇಲೆ ಹೆಸರು ಬದಲಾಗಿದ್ದರೆ, ಆಟದ ಸರ್ಟಿಫಿಕೇಟು, ಸಂಘದ ಸದಸ್ಯತ್ವ ಎರಡರಲ್ಲೂ ಹೆಸರು ಈಗಲೇ ಸರಿಮಾಡಿಸಿಕೊಳ್ಳಿ. ಚುನಾವಣೆ ಹತ್ತಿರ ಬಂದಾಗ ಅದೇ ಮೊದಲ ಅಸ್ತ್ರ ಆಗುತ್ತದೆ. ಗಂಡಸರಿಗೆ ಈ ಕಷ್ಟ ಗೊತ್ತೇ ಇಲ್ಲ.

ಇನ್ನು ನಾಲ್ಕು ವರ್ಷದ ಬಾಕಿ ಲೆಕ್ಕ. ಅದನ್ನು ಸಲ್ಲಿಸದೆ ಹೊಸ ಮಂಡಳಿಯನ್ನು ದಾಖಲು ಮಾಡಿಕೊಳ್ಳುವುದಿಲ್ಲ ಅಂತ ಜಿಲ್ಲಾ ನೋಂದಣಾಧಿಕಾರಿ ಕಚೇರಿಯ ಗುಮಾಸ್ತರು ಸ್ಪಷ್ಟವಾಗಿ ಹೇಳಿದರು. ಹಳೆಯ ಮಂಡಳಿಗೆ ಮನಸ್ಸಿರಲಿಲ್ಲ. ಹೀಗೇ ಬಿಟ್ಟರೆ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸಬಹುದು ಅಂತ ಗೊತ್ತಾದ ಮೇಲೆ ಎಲ್ಲರಿಗೂ ಮನಸ್ಸು ಬಂತು. ಸಿಎ ಹತ್ತಿರ ಕೊಟ್ಟೆವು. ಅರ್ಧ ವೋಚರ್ ಇಲ್ಲ. ಕ್ಲೋರಿನ್ ಬಿಲ್ ಇದೆ, ಬ್ಲೀಚಿಂಗ್ ಪೌಡರ್ ಬಿಲ್ ಇಲ್ಲ. ಬೇಸಿಗೆ ಶಿಬಿರದ ಫೀ ಒಂದು ನೋಟ್‌ಬುಕ್ಕಿನಲ್ಲಿ, ಅದರ ಮಧ್ಯದಲ್ಲೇ ಯಾರದೋ ಇಸ್ಪೀಟಿನ ಲೆಕ್ಕ. ಜುಲೈ, ಆಗಸ್ಟ್ ಎರಡು ತಿಂಗಳು ಇದಕ್ಕೇ ಹೋಯಿತು.

ಆಗಸ್ಟ್‌ನಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಪಾಸಾಯಿತು. ಪೇಪರ್ ಹಿಡಿದುಕೊಂಡು ನಮ್ಮ ಹುಡುಗರು ಓಡಿ ಬಂದರು. ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ ನಾಲ್ಕು ಮಹಿಳೆಯರು, ಸಾಧನೆ ಮಾಡಿದ ಕ್ರೀಡಾಪಟುಗಳು ಇರಲೇಬೇಕಂತೆ, ಇನ್ನು ನೀವೇ ಗೆದ್ದಂಗ ಅಂತ. ಅದು ರಾಷ್ಟ್ರಮಟ್ಟದ ಸಂಸ್ಥೆಗಳಿಗೆ. ನಮ್ಮಂಥ ಪುಟ್ಟ ಸಂಘ ನಡೆಯುವುದು 1960ರ ಕಾಯ್ದೆ ಮತ್ತು ತನ್ನ ಬೈಲಾದ ಮೇಲೆ. ಹುಡುಗರ ಮುಖ ಸಪ್ಪಗಾಯಿತು. ಆದರೂ ಆ ಪೇಪರ್ ತುಂಡನ್ನು ಫೈಲಿನಲ್ಲಿ ಇಟ್ಟುಕೊಂಡೆ. "ಅಲ್ಲಿ ನಾಲ್ಕು ಜನ ಇರಬೇಕು ಅಂದಾರ, ಇಲ್ಲಿ ಒಬ್ಬಳಿದ್ರ ತ್ರಾಸೇನ್ರಿ?" ಅಂತ ಮನೆಮನೆಗೆ ಹೋದಾಗ ಕೇಳಲು ಉಪಯೋಗಕ್ಕೆ ಬಂತು.

ಇನ್ನೊಂದು ಗೊಂದಲ ನನಗೇ ಇತ್ತು. ನೋಂದಣಿ ಬೇರೆ, ಮಾನ್ಯತೆ ಬೇರೆ. ನೋಂದಣಿ ಸರ್ಕಾರದ್ದು. ಏಳು ಜನ ಸೇರಿದರೆ ಸಂಘ ನೋಂದಣಿ ಮಾಡಿಸಬಹುದು. ಆದರೆ ನಿಮ್ಮ ಮಕ್ಕಳು ರಾಜ್ಯಮಟ್ಟದಲ್ಲಿ ಈಜಬೇಕಾದರೆ ಆ ಆಟದ ರಾಜ್ಯ ಸಂಸ್ಥೆಯ ಮಾನ್ಯತೆ ಬೇಕು. "ಇವರ ಜೊತೆ ಗುದ್ದಾಡೋ ಬದಲು ಹೊಸ ಸಂಘ ಕಟ್ಟಿಬಿಡಿ" ಅಂತ ನನಗೆ ಬಹಳ ಜನ ಹೇಳಿದರು. ಕಟ್ಟುವುದು ಸುಲಭ. ಮಾನ್ಯತೆ ಹಳೆಯದರ ಹತ್ತಿರವೇ ಉಳಿದರೆ ಮಕ್ಕಳು ಎಲ್ಲಿ ಹೋಗಬೇಕು? ಇದನ್ನು ಖಚಿತ ಮಾಡಿಕೊಳ್ಳಲು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಅದೇ ರಾತ್ರಿ ವಾಪಸ್ ಬಂದೆ. ಹತ್ತು ನಿಮಿಷದ ಮಾತು, ಎರಡು ರಾತ್ರಿಯ ರೈಲು. ಆದರೆ ಹೋಗಿದ್ದು ಒಳ್ಳೆಯದಾಯಿತು.

ನವೆಂಬರ್‌ನಲ್ಲಿ ನೋಟಿಸ್. ಬೈಲಾ ಪ್ರಕಾರ 21 ದಿನ ಮೊದಲು ಎಲ್ಲಾ ಸದಸ್ಯರಿಗೂ 'ನೋಂದಾಯಿತ ಅಂಚೆ'ಯಲ್ಲಿ ಹೋಗಬೇಕು. 52 ಕವರ್ ಬರೆದು ಪೋಸ್ಟ್ ಆಫೀಸಿಗೆ ಹೋದರೆ, ಹಳೆಯ ರಿಜಿಸ್ಟರ್ಡ್ ಪೋಸ್ಟ್ ಈಗಿಲ್ಲ, ಸ್ಪೀಡ್ ಪೋಸ್ಟ್ ಜೊತೆ ಸೇರಿಬಿಟ್ಟಿದೆ ಅಂದರು. 2025ರಲ್ಲೇ ಆದ ಬದಲಾವಣೆ. ನಮ್ಮ ಬೈಲಾ ಬರೆದವರಿಗೆ ಇದು ಕನಸಿನಲ್ಲೂ ಬಂದಿರಲಿಕ್ಕಿಲ್ಲ. ನೋಟಿಸ್ ಸರಿಯಿಲ್ಲ ಅಂತ ನಾಳೆ ಯಾರಾದರೂ ಸಭೆಯನ್ನೇ ಬೀಳಿಸಬಹುದು. ವಕೀಲರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ, ರಸೀದಿ ಮತ್ತು ತಲುಪಿದ ದಾಖಲೆ ಇಟ್ಟುಕೊಳ್ಳಿ, ವಾಟ್ಸಾಪ್‌ನಲ್ಲೂ ಹಾಕಿ, ಕೊಳದ ಗೋಡೆಗೂ ಅಂಟಿಸಿ ಫೋಟೊ ತೆಗೆಯಿರಿ, ಸಭೆಯ ಮೊದಲ ಠರಾವಿನಲ್ಲಿ ಇದಕ್ಕೆ ಒಪ್ಪಿಗೆ ತಗೊಳ್ಳಿ ಅಂದರು. ಹಾಗೇ ಮಾಡಿದೆವು. ಆರು ಕವರ್ ವಾಪಸ್ ಬಂದವು. ಒಂದರ ಮೇಲೆ ವಿಳಾಸ ಬರೀ 'ಕೌಲ್ ಬಜಾರ್, ಬಳ್ಳಾರಿ' ಅಂತ ಇತ್ತು. ಹಾಗೆ ವಾಪಸ್ ಬಂದ ಕವರ್ ಒಡೆಯಬೇಡಿ. ಮುಚ್ಚಿದ ಹಾಗೇ ಫೈಲಿಗೆ ಹಾಕಿ. ಅದೇ ಸಾಕ್ಷಿ.

ಮನೆಮನೆಗೆ ಹೋಗುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಕೊಳದ ದಡದಲ್ಲಿ ಎಷ್ಟು ಕೂಗಿದರೂ ನಾಚಿಕೆಯಿಲ್ಲದ ನನಗೆ, ಒಬ್ಬರ ಬಾಗಿಲಲ್ಲಿ ನಿಂತು "ನನಗೆ ಓಟು ಹಾಕಿ" ಅನ್ನಲು ಬಾಯಿ ಬರುತ್ತಿರಲಿಲ್ಲ. ಗಾಂಧಿನಗರದಲ್ಲಿ ಒಬ್ಬರು, "ನೀನು ಈಜವಾ, ಲೆಕ್ಕ ನಾವು ನೋಡ್ಕೊಂತೀವಿ" ಅಂದರು. ನಾಲ್ಕು ವರ್ಷ ನೋಡಿದ್ದನ್ನು ನಾನು ಓದಿದ್ದೇನೆ ಅನ್ನಬೇಕೆನಿಸಿತು, ಅನ್ನಲಿಲ್ಲ. ಇನ್ನೊಬ್ಬರು ಉಪ್ಪಿಟ್ಟು ಕೊಟ್ಟು, ನಿಧಾನಕ್ಕೆ, "ನಿಮ್ಮೋರು ಅಂದ್ರ ಯಾರು?" ಅಂತ ಕೇಳಿದರು. ಈಜುವವರು ಅಂದೆ. ಅವರು ನಗಲಿಲ್ಲ. ತೋರಣಗಲ್ಲಿಗೆ ಹೋಗಿ ಒಬ್ಬ ಹಳೆಯ ಗೆಳತಿಯನ್ನು ಹುಡುಕಿದೆ. ಇಪ್ಪತ್ತು ವರ್ಷ ಆಗಿತ್ತು ನೋಡಿ. ಅವಳಿಗೆ ತಾನು ಇನ್ನೂ ಸದಸ್ಯೆ ಅನ್ನುವುದೇ ಗೊತ್ತಿರಲಿಲ್ಲ. ಇಂಥವರು ಹನ್ನೊಂದು ಜನ ಸಿಕ್ಕರು. ಪಟ್ಟಿ ಕೈಯಲ್ಲಿ ಇರದಿದ್ದರೆ ಒಬ್ಬರೂ ಸಿಗುತ್ತಿರಲಿಲ್ಲ.

ನಾಮಪತ್ರಕ್ಕೆ ಒಬ್ಬ ಸೂಚಕರು, ಒಬ್ಬ ಅನುಮೋದಕರು. ಇಬ್ಬರೂ ಬಾಕಿಯಿಲ್ಲದ ಸದಸ್ಯರಾಗಿರಬೇಕು. ನಾನು ಒಂದಲ್ಲ, ಎರಡು ನಾಮಪತ್ರ ಹಾಕಿದೆ, ಬೇರೆ ಬೇರೆ ಸೂಚಕರಿಂದ. ಒಂದು ತಿರಸ್ಕಾರವಾದರೂ ಇನ್ನೊಂದು ಉಳಿಯಲಿ ಅಂತ. ಹಾಗೇ ಆಯಿತು! ಮೊದಲನೆಯದರಲ್ಲಿ ಸೂಚಕರ ಸಹಿ ಪಟ್ಟಿಯ ಸಹಿಗೆ ಹೊಂದಲಿಲ್ಲ. ಹೆಸರಿನ ತಕರಾರು ಮತ್ತೆ ಬಂತು. ಅಫಿಡವಿಟ್, ಅಂಕಪಟ್ಟಿ, ಮದುವೆ ಪತ್ರ ಮೂರನ್ನೂ ಚುನಾವಣಾಧಿಕಾರಿ ಮುಂದೆ ಇಟ್ಟೆ. ಅವರು ನಿವೃತ್ತ ಮೇಷ್ಟ್ರು. ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿ, "ಕುಮಾರಿನೂ ಇವರೇ, ಶ್ರೀಮತಿನೂ ಇವರೇ" ಅಂತ ಬರೆದರು.

ಡಿಸೆಂಬರ್‌ನ ಒಂದು ಭಾನುವಾರ ಹನ್ನೊಂದಕ್ಕೆ ಸಭೆ. ಹನ್ನೊಂದೂ ಕಾಲಾದರೂ ಹನ್ನೆರಡೇ ಜನ. ಬೈಲಾ ಪ್ರಕಾರ ಮೂರನೇ ಒಂದು ಭಾಗ ಇರಬೇಕು. ಹೊಟ್ಟೆಯಲ್ಲಿ ಸ್ಟಾರ್ಟಿಂಗ್ ಬ್ಲಾಕ್ ಮೇಲೆ ನಿಂತಾಗಿನ ಅದೇ ತಳಮಳ. ಪಕ್ಕದ ಲೇನ್ ನೋಡಬೇಡ ಅಂತ ಕೋಚ್ ಯಾವಾಗಲೂ ಬೈಯುತ್ತಿದ್ದರು. ನಾನು ಗೇಟನ್ನೇ ನೋಡುತ್ತಿದ್ದೆ. ಆಮೇಲೆ ತೋರಣಗಲ್ಲಿನಿಂದ ಒಂದು ಕಾರ್ ಬಂತು, ನಾಲ್ಕು ಜನ ಇಳಿದರು. ಕೊನೆಗೆ 38 ಜನ ಸೇರಿದರು. ಮೊದಲು ನೋಟಿಸ್ ಬಗ್ಗೆ ಠರಾವು, ಆಮೇಲೆ ಲೆಕ್ಕ, ಆಮೇಲೆ ಓಟು. ನನಗೆ 21, ಎದುರಾಳಿಗೆ 16, ಒಂದು ಅಸಿಂಧು. ಅದರ ಮೇಲೆ ಯಾರೋ ಟಿಕ್ ಹಾಕುವ ಬದಲು 'ಒಳ್ಳೇದಾಗಲಿ' ಅಂತ ಬರೆದಿದ್ದರು. ಯಾರಿಗೆ ಅಂತ ಬರೆದಿರಲಿಲ್ಲ.

ಗೆದ್ದರೆ ಮುಗಿಯಿತು ಅಂದುಕೊಳ್ಳಬೇಡಿ. ನಡಾವಳಿ ಬರೆದು, ಹೊಸ ಮಂಡಳಿಯ ಪಟ್ಟಿಯನ್ನು 14 ದಿನದೊಳಗೆ ಸಲ್ಲಿಸಿದೆವು. ಅದು ದಾಖಲಾಗಿ ಕೈಗೆ ಬರಲು ಒಂದು ತಿಂಗಳಾಯಿತು. ಆ ಪ್ರತಿ ಇಲ್ಲದೆ ಬ್ಯಾಂಕಿನಲ್ಲಿ ಸಹಿದಾರರ ಹೆಸರು ಬದಲಾಗುವುದಿಲ್ಲ. ಅಲ್ಲಿಯವರೆಗೆ ಚೆಕ್ ಇಲ್ಲ, ಕ್ಲೋರಿನ್‌ಗೂ ಸ್ವಂತ ದುಡ್ಡು. ನನ್ನ ಕೈಯಿಂದ ಒಟ್ಟು ಹನ್ನೊಂದು ಸಾವಿರ ಚಿಲ್ಲರೆ ಹೋಗಿದೆ. ಸಿಎ ಫೀಯಲ್ಲಿ ನನ್ನ ಪಾಲು 4,000. ಅಫಿಡವಿಟ್, ನೋಟರಿ 700. ಮದುವೆ ನೋಂದಣಿ, ಅದರ ಓಡಾಟ ಸುಮಾರು 1,500. ಉಳಿದಿದ್ದು ಪೆಟ್ರೋಲ್, ರೈಲು, ಝೆರಾಕ್ಸ್, ಅಂಚೆ. ಝೆರಾಕ್ಸ್‌ಗೆ ಎಷ್ಟು ಹೋಯಿತು ಅಂತ ಬರೆದಿಡಲಿಲ್ಲ, ನೀವು ಬರೆದಿಡಿ. ಶಾಲೆಗೆ ಹಾಕಿದ ರಜೆ ಹದಿನೇಳು.

ಸೀಲು ಬಿದ್ದ ಮಾರನೇ ದಿನ ಹಳೆಯ ದಾಖಲೆ ನನ್ನ ವಶಕ್ಕೆ ಬಂತು. ಒಂದು ಸಿಮೆಂಟ್ ಚೀಲ. ಒಳಗೆ ರಬ್ಬರ್ ಸ್ಟಾಂಪ್, ನಿಂತುಹೋದ ಸ್ಟಾಪ್‌ವಾಚ್, ಇಲಿ ಕಡಿದ ಹಾಜರಿ ಪುಸ್ತಕ, ಏಳು ರಸೀದಿ ಪುಸ್ತಕ. ಮೂರನೇ ಪುಸ್ತಕದಲ್ಲಿ 2003ರ ಕಾರ್ಬನ್ ಪ್ರತಿ ಸಿಕ್ಕಿತು. 500 ರೂಪಾಯಿ, ಆಜೀವ ಸದಸ್ಯತ್ವ, ನನ್ನ ಹೆಸರು, ಅಪ್ಪನ ಇನಿಷಿಯಲ್. ಕೆಳಗೆ ಹಣ ಪಡೆದವರ ಸಹಿ. ರಸೀದಿ ತೋರಿಸ್ರಿ ಅಂತ ಕೇಳಿದವರದ್ದೇ.

ಅವರಿಗೆ ಫೋನ್ ಮಾಡೋಣ ಅಂತ ನಂಬರ್ ತೆಗೆದೆ, ಮಾಡಲಿಲ್ಲ. ಏಳೂ ಪುಸ್ತಕಕ್ಕೆ ನಂಬರ್ ಹಾಕಿ, ಪಟ್ಟಿ ಬರೆದು, ಸೋಮವಾರ ಸಿಎ ಆಫೀಸಿಗೆ ಕೊಟ್ಟು, ಕೊಟ್ಟಿದ್ದಕ್ಕೆ ರಸೀದಿ ಬರೆಸಿಕೊಂಡು ಬಂದೆ.